ನೀರಿನ ಮೇಲಣ ಬರಹ

ನೀರಿನ ಮೇಲೆ ಬರೆದ ಬರಹ ನಿಲ್ಲುವುದಿಲ್ಲವೆಂಬುದು ನಮ್ಮ ನುಡಿಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾತು. ಕೊಟ್ಟ ಮಾತನ್ನು ಮರೆತವನನ್ನು ಕುರಿತೂ, ಕೈಗೆ ಬಂದು ಕರಗಿಹೋದ ಐಶ್ವರ್ಯವನ್ನು ಕುರಿತೂ ನಮ್ಮ ಹಿರಿಯರು ಈ ಹೋಲಿಕೆಯನ್ನೇ ಹೇಳುತ್ತಿದ್ದರು. ಆದರೆ ನೀರಿನ ಮೇಲೆಯೇ ಬರೆದು, ಆ ಬರಹವನ್ನು ನೂರಾರು ವರ್ಷ ಅಳಿಯದಂತೆ ಉಳಿಸಿದ ಕಲೆಯೊಂದು ಲೋಕದಲ್ಲಿ ಉಂಟು. ಅದರ ಚರಿತ್ರೆಯನ್ನು ಕೇಳುಗರ ಮುಂದೆ ಇಡಬೇಕೆಂಬುದು ಈ ಹೊತ್ತಿನ ನಮ್ಮ ಉದ್ದೇಶ. ಇದರ ಜೊತೆಗೆ ನಾವು ಹಿಂದೆ ಮಾಡಿದ ತಪ್ಪೊಂದನ್ನು ತಿದ್ದಿಕೊಳ್ಳಬೇಕೆಂಬ ಉದ್ದೇಶವೂ ಇದೆಯೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಪಾಠ ಹೇಳುವ ಕಾಲೇಜಿನ ಪುಸ್ತಕಭಂಡಾರದಲ್ಲಿ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ವಿಂಗಡಿಸುವ ಕೆಲಸ ನಡೆದಿತ್ತು. ನಮ್ಮ ತರಗತಿಯ ಕೆಲವರು ವಿದ್ಯಾರ್ಥಿಗಳು ಸಹಾಯಕ್ಕೆ ಬಂದಿದ್ದರು. ಅವರಲ್ಲಿ ಒಬ್ಬ ಹುಡುಗನು ಚರ್ಮದ ರಟ್ಟಿನ ಪುಸ್ತಕವೊಂದನ್ನು ತೆರೆದು, ರಟ್ಟಿನ ಒಳಮಗ್ಗುಲಿಗೆ ಅಂಟಿಸಿದ್ದ ಬಣ್ಣದ ಹಾಳೆಯನ್ನು ನೋಡುತ್ತ ನಿಂತುಬಿಟ್ಟನು. ಕೆಂಪು, ನೀಲಿ, ಹಳದಿ ಬಣ್ಣಗಳು ಆ ಹಾಳೆಯ ಮೇಲೆ ನವಿಲುಗರಿಯ ಕಣ್ಣುಗಳಂತೆ ಸಾಲುಸಾಲಾಗಿ ಸುಳಿದಿದ್ದುವು. “ಇದು ಅಚ್ಚು ಹಾಕಿದ್ದೆ, ಕೈಯಿಂದ ಬರೆದದ್ದೆ?” ಎಂದು ಅವನು ಕೇಳಿದನು. ಎರಡೂ ಅಲ್ಲವೆಂದು ನಾವು ಹೇಳಿದೆವು. ಇದು ಇಂಗ್ಲೆಂಡಿನ ರಟ್ಟು ಕಟ್ಟುವವರ ಕೈಚಳಕವೆಂದೂ, ನಮ್ಮ ದೇಶದಲ್ಲಿ ಇಂಥದು ಇರಲಿಲ್ಲವೆಂದೂ ವಿವರಿಸಿದೆವು. ಹುಡುಗನು ವಿಜಯಪುರದವನು, ಎಂದರೆ ಹಿಂದಿನ ಬಿಜಾಪುರದವನು. ಅವನು ತಲೆಯಾಡಿಸಿ ಪುಸ್ತಕವನ್ನು ಕಪಾಟಿನಲ್ಲಿ ಇಟ್ಟನು. ಅವನಿಗೆ ನಾವು ಹೇಳಿದ ಉತ್ತರ ಎಷ್ಟು ತಪ್ಪಾಗಿತ್ತೆಂಬುದು ನಮಗೆ ಗೊತ್ತಾದುದು ಬಹಳ ಕಾಲದ ಮೇಲೆ.

ಮೊದಲು ಈ ಕೆಲಸದ ಬಗೆಯನ್ನು ತಿಳಿದುಕೊಳ್ಳೋಣ. ಅಗಲವಾದ, ಆಳವಿಲ್ಲದ ತಟ್ಟೆಯೊಂದರಲ್ಲಿ ಲೋಳೆಯಾದ ನೀರನ್ನು ತುಂಬುತ್ತಾರೆ. ಅದರ ಮೇಲೆ ಕುಂಚದಿಂದ ಬಣ್ಣದ ಹನಿಗಳನ್ನು ಚಿಮುಕಿಸುತ್ತಾರೆ. ಹನಿ ಮುಳುಗದೆ ನೀರಿನ ಮೈಮೇಲೆ ದುಂಡಗೆ ಹರಡಿಕೊಳ್ಳುತ್ತದೆ. ಅದರ ಮೇಲೆ ಬಿದ್ದ ಇನ್ನೊಂದು ಹನಿ ಮೊದಲನೆಯದನ್ನು ಸುತ್ತಲೂ ಒತ್ತರಿಸಿ ತನಗೆ ಜಾಗ ಮಾಡಿಕೊಳ್ಳುತ್ತದೆ. ಹೀಗೆ ಹಲವು ಬಣ್ಣಗಳನ್ನು ಹಾಕಿದ ಮೇಲೆ ಕಡ್ಡಿಯಿಂದಾಗಲಿ ಬಾಚಣಿಗೆಯಂಥ ಸಾಧನದಿಂದಾಗಲಿ ಅವುಗಳನ್ನು ಎಳೆದರೆ ಅಲೆ, ಸುರುಳಿ, ಗರಿ ಮೊದಲಾದ ಆಕಾರಗಳು ಮೂಡುತ್ತವೆ. ಕಡೆಗೆ ಪಟಿಕದ ನೀರನ್ನು ಸವರಿ ಆರಿಸಿದ ಕಾಗದವನ್ನು ಮೆಲ್ಲನೆ ಅದರ ಮೇಲೆ ಮಲಗಿಸಿ ಎತ್ತಿದರೆ, ನೀರಿನ ಮೇಲಿದ್ದುದೆಲ್ಲವೂ ಕಾಗದಕ್ಕೆ ಬಂದುಬಿಡುತ್ತದೆ. ನೀರಿನ ಮೇಲೆ ಏನೂ ಉಳಿಯುವುದಿಲ್ಲ. ಅದೇ ಚಿತ್ರವನ್ನು ಇನ್ನೊಮ್ಮೆ ತೆಗೆಯಲು ಯಾರಿಂದಲೂ ಆಗುವುದಿಲ್ಲ.

ಇದರಲ್ಲಿ ಮಾಯವೇನೂ ಇಲ್ಲ. ನೀರಿನ ಮೈ ಬಿಗಿದು ಹಿಡಿದ ತೆಳುವಾದ ತೊಗಲಿನಂತೆ ವರ್ತಿಸುತ್ತದೆಂಬುದನ್ನು ಭೌತಶಾಸ್ತ್ರವನ್ನು ಓದಿದವರು ಬಲ್ಲರು. ಬಣ್ಣಕ್ಕೆ ಎತ್ತಿನ ಪಿತ್ತವನ್ನು ಒಂದೆರಡು ತೊಟ್ಟು ಬೆರೆಸಿದರೆ ಆ ಬಿಗಿತ ಬಣ್ಣ ಬಿದ್ದೆಡೆಯಲ್ಲಿ ಸಡಿಲುತ್ತದೆ. ಸುತ್ತಲ ನೀರು ಬಣ್ಣವನ್ನು ತನ್ನ ಕಡೆಗೆ ಸೆಳೆದುಕೊಂಡು ಹರಡುತ್ತದೆ. ನೀರಿಗೆ ಲೋಳೆಯನ್ನು ಸೇರಿಸುವುದು ಬಣ್ಣ ಮುಳುಗದಂತೆಯೂ ಎಳೆದ ಗೆರೆ ಎಳೆದಲ್ಲೇ ನಿಲ್ಲುವಂತೆಯೂ ಮಾಡುವುದಕ್ಕೆ. ಪಟಿಕವಾದರೋ ಬಣ್ಣವನ್ನು ಕಾಗದದ ನಾರಿಗೆ ಕಚ್ಚಿಸುತ್ತದೆ. ನಮ್ಮ ಬಣ್ಣಗಾರರು ಬಟ್ಟೆಗೆ ಬಣ್ಣ ಹಿಡಿಸಲು ಅದನ್ನು ಬಳಸುವುದೂ ಇದೇ ಕಾರಣದಿಂದ. ಕಲೆಯೆಲ್ಲವೂ ಈ ಮೂರು ದ್ರವ್ಯಗಳ ಹದದಲ್ಲಿದೆ. ಆ ಹದವೇ ಈ ಕಸಬಿನ ಗುಟ್ಟು. ಮುಂದೆ ಹೇಳುವ ಕಥೆಯೆಲ್ಲವೂ ಆ ಗುಟ್ಟನ್ನು ಯಾರು ಯಾರಿಗೆ ಹೇಳಿದರು, ಯಾರು ಹೇಳದೆ ಹೋದರು ಎಂಬುದರ ಕಥೆಯೇ ಆಗಿದೆ.

ಈ ಬಗೆಯ ಕೆಲಸದ ಮೊದಲ ಸುಳಿವು ಚೀನಾ ದೇಶದ್ದು. 986 ರಲ್ಲಿ ಸು ಯಿಜಿಯಾನ್ ಎಂಬ ಪಂಡಿತನು ಕುಂಚ, ಮಸಿ, ಮಸಿಕಲ್ಲು, ಕಾಗದ ಎಂಬ ನಾಲ್ಕು ವಸ್ತುಗಳನ್ನು ಕುರಿತು ಗ್ರಂಥವೊಂದನ್ನು ಬರೆದನು. ಬಣ್ಣಗಳನ್ನು ಗಂಜಿಯಂಥ ದ್ರವದ ಮೇಲೆ ಹರಡಿ ಕಾಗದಕ್ಕೆ ಇಳಿಸುವ ಕ್ರಮ ಅದರಲ್ಲಿ ಹೇಳಿದೆ. ಜಪಾನಿನಲ್ಲಿ ಇದಕ್ಕೆ ಸುಮಿನಾಗಾಶಿ, ಎಂದರೆ ಹರಿಯುವ ಮಸಿ, ಎಂದು ಹೆಸರು. ಅಲ್ಲಿ ಲೋಳೆಯಿಲ್ಲದ ಬರಿಯ ನೀರಿನ ಮೇಲೆಯೇ ಮಸಿಯನ್ನು ತೇಲಿಸುತ್ತಾರೆ; ಕಡ್ಡಿಯ ಬದಲು ಗಾಳಿಯನ್ನೂದಿ ಅಥವಾ ಬೀಸಣಿಗೆಯಿಂದ ಬೀಸಿ ಮಸಿಯ ಉಂಗುರಗಳನ್ನು ಕದಲಿಸುತ್ತಾರೆ. ಸುಮಾರು 1112 ರಲ್ಲಿ ಸಿದ್ಧವಾದ ಮೂವತ್ತಾರು ಕವಿಗಳ ಕವನಸಂಕಲನವೊಂದು ಕ್ಯೋಟೋ ನಗರದ ನಿಶಿ ಹೊಂಗಾನ್‌ಜಿ ದೇವಾಲಯಕ್ಕೆ ಸೇರಿದ್ದು, ಅದರ ಹಾಳೆಗಳಲ್ಲಿ ಕೆಲವು ಈ ಬಗೆಯವು. ಹೊಗೆ ಸುಳಿದಂತಿರುವ ಆ ಮಸಿಯ ಮೇಲೆ ಕವಿತೆಗಳನ್ನು ಬರೆದಿದೆ. ಕಾವ್ಯಕ್ಕೆ ಹಾಸಿಗೆಯಾಗಿ ಈ ಕಲೆ ಹುಟ್ಟಿತೆಂಬುದನ್ನು ನಾವು ಮರೆಯಬಾರದು.

ಚೀನಾದಿಂದ ಪಶ್ಚಿಮಕ್ಕೆ ಇದು ಹೇಗೆ ಹೋಯಿತೆಂಬ ವಾದಕ್ಕೆ ಇಲ್ಲಿ ಸಮಯವಿಲ್ಲ. 15ನೆಯ ಶತಮಾನದ ಕೊನೆಯ ಹೊತ್ತಿಗೆ ಇರಾನಿನಲ್ಲಿ ಇದು ಬಳಕೆಗೆ ಬಂದಿತ್ತು. ಅಲ್ಲಿ ಇದರ ಹೆಸರು ಅಬ್ರಿ. ಅಬ್ರ್ ಎಂದರೆ ಪಾರಸಿಯಲ್ಲಿ ಮೋಡ; ಇದು ಮೋಡದಂಥ ಕಾಗದ. ಕನ್ನಡದಲ್ಲಿ ಮುಗಿಲ ಕಾಗದವೆಂದು ಕರೆದರೆ ಒಪ್ಪುತ್ತದೆ. ಈ ಕಾಗದವನ್ನು ಕುರಿತ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲಿ ಒಂದು ನಮ್ಮ ದೇಶದಲ್ಲಿಯೇ ಬರೆದದ್ದೆಂಬುದು ಗಮನಿಸಬೇಕಾದ ವಿಷಯ. ಮಾಳವದ ಸುಲ್ತಾನ್ ಘಿಯಾಸ್ ಶಾಹನ ಪುಸ್ತಕಭಂಡಾರಕ್ಕೆ ಇರಾನಿನಿಂದ ಕಾಣಿಕೆಯಾಗಿ ಬಂದ ಹಾಳೆಯೊಂದರ ಹಿಂಬದಿಯಲ್ಲಿ, ಇಂಥ ಅಬ್ರಿಗಳು ಅಪರೂಪವೆಂಬ ಅರ್ಥದ ಟಿಪ್ಪಣಿಯಿದೆ. ಅದರ ಕಾಲ 1496. ಅಪರೂಪವೆಂದು ಬರೆದಿಟ್ಟ ಅಧಿಕಾರಿಗೆ ಮುಂದೆ ಹಿಂದೂಸ್ಥಾನವೇ ಈ ಕಲೆಯ ತೌರುಗಳಲ್ಲಿ ಒಂದಾಗುವುದೆಂದು ತೋರಿರಲಾರದು. ಆದರೆ ಹಾಗೆಯೇ ಆಯಿತು. 16ನೆಯ ಶತಮಾನದ ಕೊನೆಯಲ್ಲಿ ಇರಾನಿನಿಂದ ನಮ್ಮ ದೇಶಕ್ಕೆ ವಲಸೆ ಬಂದ ಮುಹಮ್ಮದ್ ತಾಹಿರ್ ಎಂಬ ಕುಶಲಿ ಇಲ್ಲಿ ಹೊಸ ಹೊಸ ವಿಧಾನಗಳನ್ನು ಕಂಡುಹಿಡಿದನು. ಅವನ ಕಾಲದಿಂದೀಚೆಗೆ ಹನಿ ಚಿಮುಕಿಸಿದ ಸರಳ ನಮೂನೆಗಳಿಗೆ ಬದಲಾಗಿ ಎಳೆದ ಮತ್ತು ಬಾಚಿದ ನಮೂನೆಗಳು ಹಬ್ಬಿದುವು. ಲೋಳೆಗಾಗಿ ಅಂದಿನ ಪಾರಸಿ ಕುಶಲಿಗಳು ಬಳಸುತ್ತಿದ್ದ ದ್ರವ್ಯಗಳಲ್ಲಿ ಮೆಂತ್ಯವೂ ಒಂದು. ನಮ್ಮ ಅಡಿಗೆಮನೆಯ ಡಬ್ಬಿಯಲ್ಲಿರುವ ಅದೇ ಮೆಂತ್ಯ!

ಈಗ ಬಿಜಾಪುರಕ್ಕೆ ಬರೋಣ. ಎರಡನೆಯ ಇಬ್ರಾಹಿಂ ಆದಿಲ್ ಶಾಹನು 1580 ರಿಂದ 1627 ರ ವರೆಗೆ ಆಳಿದನು. ಜನರಿಂದ ಜಗದ್ಗುರುವೆನಿಸಿಕೊಂಡ ಈ ಅರಸು ದಖ್ಖನಿ ಭಾಷೆಯಲ್ಲಿ ಹಾಡುಗಳನ್ನು ಕಟ್ಟಿ ಕಿತಾಬೆ ನವರಸ್ ಎಂಬ ಗ್ರಂಥವನ್ನು ರಚಿಸಿದನೆಂಬುದು ಪ್ರಸಿದ್ಧವಾಗಿದೆ. ಅವನ ಆಸ್ಥಾನಕ್ಕೆ ಇರಾನಿನ ಕವಿಗಳೂ ಲಿಪಿಕಾರರೂ ಚಿತ್ರಗಾರರೂ ಸಮುದ್ರವನ್ನು ದಾಟಿ ಬಂದರು. ಬೇರೆಡೆಗಳಲ್ಲಿ ಮುಗಿಲ ಕಾಗದ ಬರಹದ ಅಂಚಿಗೂ ಪುಸ್ತಕದ ರಟ್ಟಿಗೂ ಅಲಂಕಾರವಾಗಿ ಇದ್ದಿತು. ದಖ್ಖನಿನ ಕುಶಲಿಗಳು, ಅದರಲ್ಲಿಯೂ ಬಿಜಾಪುರದವರೆಂದು ವಿದ್ವಾಂಸರು ಗುರುತಿಸುವವರು, ಯಾರೂ ಮಾಡದ ಕೆಲಸವೊಂದನ್ನು ಮಾಡಿದರು. ಅವರು ಅಲಂಕಾರವನ್ನೇ ಚಿತ್ರವನ್ನಾಗಿ ಮಾಡಿದರು. ಆನೆ, ಕುದುರೆ, ಸಾಧು, ಹಕ್ಕಿ ಇವುಗಳ ಮೈಯನ್ನೇ ತೇಲುವ ಬಣ್ಣದಿಂದ ತುಂಬಿದರು.

ಇದನ್ನು ಸಾಧಿಸಿದ ಬಗೆಯನ್ನು ಸ್ವಲ್ಪ ಯೋಚಿಸಿ ನೋಡಬೇಕು. ತೇಲುವ ಬಣ್ಣ ಕಾಗದವನ್ನೆಲ್ಲ ಒಂದೇ ಸಲ ಆವರಿಸುತ್ತದೆ. ಕುದುರೆಯ ಮೈಗೆ ಮಾತ್ರ ಹತ್ತು, ಹೊರಗೆ ಹೋಗಬೇಡವೆಂದರೆ ಕೇಳುವುದಿಲ್ಲ. ಆದುದರಿಂದ ಆ ಚಿತ್ರಗಾರರು ಬಣ್ಣ ಬೇಡವಾದ ಭಾಗವನ್ನು ಕತ್ತರಿಸಿದ ಕಾಗದದ ಪಡಿಯಚ್ಚಿನಿಂದಾಗಲಿ ಅಂಟಿನ ಲೇಪದಿಂದಾಗಲಿ ಮುಚ್ಚುತ್ತಿದ್ದರು. ಹಾಳೆಯನ್ನು ನೀರಿಗೆ ತಾಗಿಸಿ ತೆಗೆದ ಮೇಲೆ, ಮುಚ್ಚದೆ ಬಿಟ್ಟ ಭಾಗದಲ್ಲಿ ಮಾತ್ರ ಬಣ್ಣ ಉಳಿಯುತ್ತಿತ್ತು. ಕೆಲವು ಚಿತ್ರಗಳಲ್ಲಿ ಮೃಗದ ಮೈಯಲ್ಲಿ ಬಣ್ಣ ಸುಳಿದು, ಸುತ್ತಲ ಬಯಲು ಬರಿದಾಗಿದೆ. ಮತ್ತೆ ಕೆಲವದರಲ್ಲಿ ಬಯಲೆಲ್ಲ ಸುಳಿಯಾಗಿ ಮೃಗದ ಮೈ ಬರಿದಾಗಿದೆ. ಒಂದು ಭಾಗಕ್ಕೆ ಒಂದು ಬಗೆಯ ಸುಳಿ, ಇನ್ನೊಂದಕ್ಕೆ ಇನ್ನೊಂದು ಬೇಕಾದರೆ ಹಾಳೆಯನ್ನು ಮತ್ತೆ ಮುಚ್ಚಿ ಮತ್ತೆ ನೀರಿಗೆ ಇಳಿಸಬೇಕು. ಕಡೆಗೆ ಸಣ್ಣ ಕುಂಚದಿಂದ ಕಣ್ಣು, ಗೊರಸು, ಜೀನು ಮೊದಲಾದುವನ್ನು ಬರೆದು, ಅಲ್ಲಲ್ಲಿ ಚಿನ್ನದ ರೇಖೆ ಕೊಟ್ಟು ಮುಗಿಸುತ್ತಿದ್ದರು. ಒಂದು ತಪ್ಪು ಹೆಜ್ಜೆಯಾದರೆ ಮೊದಲಿನಿಂದ ತೊಡಗಬೇಕು, ಅಳಿಸಿ ತಿದ್ದುವಂತಿಲ್ಲ.

ಈ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವುದು ಎಲುಬು ಲೆಕ್ಕಕ್ಕೆ ಸಿಕ್ಕುವ ಬಡಕಲು ಕುದುರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಅಂಥದೊಂದು, ಮೇಲೆ ಸವಾರನಿರುವುದು, ಇದೆ. 17ನೆಯ ಶತಮಾನದ ಮೊದಲ ಭಾಗದಲ್ಲಿ ಬಿಜಾಪುರದಲ್ಲಿ ರಚಿತವಾದುದೆಂದು ಅದನ್ನು ಗುರುತಿಸಿದ್ದಾರೆ. ಆ ಕಾಲದ ಸೂಫಿ ಸಂಪ್ರದಾಯದಲ್ಲಿ ಕುದುರೆಯೆಂದರೆ ಆಸೆಗಳಿಂದ ಕೂಡಿದ ದೇಹಭಾವ. ಅದನ್ನು ಉಪವಾಸವಿರಿಸಿ ಪಳಗಿಸುವವನೇ ಸಾಧಕ. ಇಂದ್ರಿಯಗಳನ್ನು ಕುದುರೆಗಳಿಗೆ ಹೋಲಿಸುವ ಕಠೋಪನಿಷತ್ತನ್ನು ಬಲ್ಲ ನಮ್ಮವರಿಗೆ ಇದು ಹೊಸ ಭಾವವೇನೂ ಅಲ್ಲ. ನಿಲ್ಲದ ಮನಸ್ಸನ್ನೂ ನಶ್ವರವಾದ ದೇಹವನ್ನೂ ತೋರಿಸಲು ನಿಲ್ಲದ ನೀರಿಗಿಂತ ಉಚಿತವಾದ ಸಾಧನವನ್ನು ಬೇರೆಲ್ಲಿ ಹುಡುಕಬೇಕು? ವಸ್ತುವೂ ವಿಧಾನವೂ ಇಷ್ಟು ಚೆನ್ನಾಗಿ ಹೊಂದಿಕೊಂಡ ಚಿತ್ರಗಳು ಯಾವ ದೇಶದಲ್ಲಿಯೂ ವಿರಳವೇ.

1686 ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದನು. ಆದಿಲ್ ಶಾಹಿ ಮುಗಿಯಿತು. ಆಸ್ಥಾನ ಚದುರಿದ ಮೇಲೆ ಅದನ್ನು ನಂಬಿದ್ದ ಕುಶಲಿಗಳೂ ಚದುರಿದರು. ಗೋಳಗುಮ್ಮಟ ನಿಂತಿತು, ಇಬ್ರಾಹಿಂ ರೋಜಾ ನಿಂತಿತು, ಕಲ್ಲು ನಿಲ್ಲುತ್ತದೆ. ಹದ ಮಾತ್ರ ನಿಲ್ಲಲಿಲ್ಲ. ಮುಗಿಲ ಕಾಗದದಿಂದ ಮೃಗಗಳನ್ನು ಬಿಡಿಸುವ ವಿದ್ಯೆ ಆ ಊರಿನಲ್ಲಿ ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರಲಿಲ್ಲ. ಚಿತ್ರಗಳಲ್ಲಿ ಹೆಚ್ಚಿನವುಗಳ ಮೇಲೆ ಬರೆದವನ ಹೆಸರಿಲ್ಲ. ಹಾಳೆಗಳು ಕೈಯಿಂದ ಕೈಗೆ ಸಾಗಿ ದೂರದ ಸಂಗ್ರಹಗಳನ್ನು ಸೇರಿದುವು. ನಮ್ಮ ನಾಡಿನ ಪಠ್ಯಪುಸ್ತಕಗಳಲ್ಲಿ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಸ್ಥಳವುಂಟು, ಈ ಕಾಗದಕ್ಕಿಲ್ಲ. ವಿಜಯಪುರದ ಹುಡುಗನಿಗೆ ಕಾಲೇಜಿನ ಮೇಷ್ಟ್ರು ಇದು ಇಂಗ್ಲೆಂಡಿನ ಕಲೆಯೆಂದು ಹೇಳುವಂತಾದುದು ಹೀಗೆ.

ಇದೇ ವಿದ್ಯೆ ತುರ್ಕಿಯಲ್ಲಿ ಏನಾಯಿತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಇದಕ್ಕೆ ಎಬ್ರು ಎಂದು ಹೆಸರು. ಇಸ್ತಾಂಬುಲಿನ ಆಯಾ ಸೋಫಿಯಾ ಮಸೀದಿಯಲ್ಲಿ ಪ್ರವಚನಕಾರನಾಗಿದ್ದ ಹತೀಬ್ ಮೆಹಮದ್ ಎಫೆಂದಿ ಎಂಬವನು ಒಂದರೊಳಗೊಂದು ಬಣ್ಣದ ಚುಕ್ಕೆಗಳನ್ನಿಟ್ಟು, ಸೂಜಿಯಿಂದೆಳೆದು, ಹೃದಯ ನಕ್ಷತ್ರಗಳ ಆಕಾರಗಳನ್ನು ತೆಗೆದನು. 1773 ರಲ್ಲಿ ಅವನ ಮನೆಗೆ ಬೆಂಕಿ ಬಿದ್ದು ಅವನು ಅದರಲ್ಲಿಯೇ ತೀರಿಹೋದನು. ಆದರೂ ಅವನ ವಿಧಾನ ಸುಟ್ಟುಹೋಗಲಿಲ್ಲ. ಇಂದಿಗೂ ಅದಕ್ಕೆ ಅವನದೇ ಹೆಸರು. 19ನೆಯ ಶತಮಾನದಲ್ಲಿ ಉಸ್ಕುದಾರಿನ ಉಜ್ಬೇಕರ ದರ್ವೇಶಿ ಮಠದಲ್ಲಿ ಈ ವಿದ್ಯೆಯ ಪಾಠ ನಡೆಯುತ್ತಿತ್ತು. ಆ ಮಠದ ಎದ್ಹೆಮ್ ಎಫೆಂದಿಯಿಂದ ನೆಜ್ಮೆದ್ದೀನ್ ಓಕ್ಯಾಯ್ ಕಲಿತನು. ನೀರಿನ ಮೇಲೆ ಹೂವುಗಳನ್ನು ಅರಳಿಸುವುದನ್ನು ಬೆಳೆಸಿದವನು ಇವನು. ಓಕ್ಯಾಯನಿಂದ ಅವನ ನೆಂಟನೂ ಶಿಷ್ಯನೂ ಆದ ಮುಸ್ತಫಾ ದುಜ್‌ಗುನ್‌ಮನ್ ಕಲಿತನು. ಉಸ್ಕುದಾರಿನಲ್ಲಿ ಗಿಡಮೂಲಿಕೆಗಳ ಅಂಗಡಿಯನ್ನು ಇಟ್ಟುಕೊಂಡಿದ್ದ ಈತನು 1990 ರಲ್ಲಿ ಕಾಲವಾಗುವವರೆಗೂ ಬಂದವರಿಗೆ ಹೇಳಿಕೊಟ್ಟನು. ರಾಜ್ಯ ಬದಲಾಯಿತು, ಲಿಪಿ ಬದಲಾಯಿತು, ಮಠಗಳು ಮುಚ್ಚಿದುವು. ಗುರುವಿನಿಂದ ಶಿಷ್ಯನಿಗೆ ಹದ ಹೋಗುತ್ತಲೇ ಇತ್ತು. 2014 ರಲ್ಲಿ ಯುನೆಸ್ಕೋ ಸಂಸ್ಥೆ ಎಬ್ರುವನ್ನು ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಆ ಗೌರವ ಮೂರು ನಾಲ್ಕು ತಲೆಮಾರುಗಳ ಮೇಷ್ಟ್ರುಗಳಿಗೆ ಸಲ್ಲಬೇಕಾದುದು.

ಯೂರೋಪಿನವರು ಈ ಕಾಗದವನ್ನು ಮೊದಲು ಕಂಡದ್ದು ತುರ್ಕಿಯಲ್ಲಿ. ಆದುದರಿಂದಲೇ ಅವರು ಅದನ್ನು ತುರ್ಕಿ ಕಾಗದವೆಂದು ಕರೆದರು. ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ನನು 1627 ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದು ತುರ್ಕರ ಸೊಗಸಾದ ವಿದ್ಯೆಯೆಂದೂ ತನ್ನ ದೇಶದಲ್ಲಿ ಬಳಕೆಯಲ್ಲಿಲ್ಲವೆಂದೂ ಹೇಳಿದ್ದಾನೆ. ಕೇಳುಗರು ಈ ವರ್ಷವನ್ನು ಗಮನಿಸಬೇಕು. ಅದೇ ವರ್ಷ ಬಿಜಾಪುರದಲ್ಲಿ ಇಬ್ರಾಹಿಂ ಆದಿಲ್ ಶಾಹನು ತೀರಿಕೊಂಡನು. ಬಡಕಲು ಕುದುರೆಯ ಮೈಯಲ್ಲಿ ಬಿಜಾಪುರದವರು ಮುಗಿಲನ್ನು ತುಂಬುತ್ತಿದ್ದ ಕಾಲಕ್ಕೆ ಇಂಗ್ಲೆಂಡಿಗೆ ಈ ಕಲೆಯ ಸುದ್ದಿ ಮಾತ್ರ ಮುಟ್ಟಿತ್ತು. ಇಂಗ್ಲಿಷ್ ವಿದ್ಯೆಯನ್ನು ಕಲಿತ ನಮ್ಮಂಥವರು ನಮ್ಮ ನಾಡಿನ ಹಿಂದಣ ಸ್ಥಿತಿಯನ್ನು ಕುರಿತು ಮಾತನಾಡುವ ಮುನ್ನ ಎರಡು ಕಡೆಯ ಪಂಚಾಂಗವನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಯೂರೋಪಿನವರು ಕಲಿತರು, ಚೆನ್ನಾಗಿಯೇ ಕಲಿತರು. 1646 ರಲ್ಲಿ ಅಥನಾಸಿಯಸ್ ಕಿರ್ಚರ್ ಎಂಬ ಪಾದ್ರಿ ಲ್ಯಾಟಿನ್ ಗ್ರಂಥವೊಂದರಲ್ಲಿ ಇದರ ಕ್ರಮವನ್ನು ಅಚ್ಚು ಹಾಕಿಸಿದನು. 1662 ರಲ್ಲಿ ಜಾನ್ ಎವೆಲಿನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದನ್ನು ಕುರಿತು ಪ್ರಬಂಧವನ್ನೋದಿದನು. ಮುಂದೆ ಫ್ರಾನ್ಸು, ಜರ್ಮನಿ, ಹಾಲೆಂಡ್ ದೇಶಗಳಲ್ಲಿ ಇದು ದೊಡ್ಡ ಕಸಬಾಯಿತು. ಹಾಲೆಂಡಿನಿಂದ ಈ ಕಾಗದವನ್ನು ಆಟದ ಸಾಮಾನುಗಳಿಗೆ ಸುತ್ತಿ ಸುಂಕವಿಲ್ಲದೆ ಇಂಗ್ಲೆಂಡಿಗೆ ತಂದು, ಸುಕ್ಕು ತೆಗೆದು, ರಟ್ಟು ಕಟ್ಟುವವರಿಗೆ ಮಾರುತ್ತಿದ್ದರೆಂದು ಹೇಳುವುದುಂಟು. ಒಂದೇ ಚಿತ್ರ ಎರಡು ಸಲ ಬರುವುದಿಲ್ಲವೆಂಬ ಗುಣವನ್ನು ವ್ಯವಹಾರಸ್ಥರೂ ಬಳಸಿಕೊಂಡರು. ಲೆಕ್ಕದ ಪುಸ್ತಕಗಳ ಅಂಚಿಗೆ ಈ ಬಣ್ಣವನ್ನು ಹಿಡಿಸಿದರೆ ಯಾರಾದರೂ ಒಂದು ಹಾಳೆಯನ್ನು ಕಿತ್ತರೂ ಅಂಚಿನ ಸುಳಿ ಮುರಿದು ಕಳ್ಳತನ ಬಯಲಾಗುತ್ತಿತ್ತು. 1775 ರಲ್ಲಿ ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ಎದ್ದು ತಮ್ಮದೇ ನೋಟುಗಳನ್ನು ಹೊರಡಿಸಿದಾಗ 20 ಡಾಲರಿನ ನೋಟಿಗೆ ಬೆಂಜಮಿನ್ ಫ್ರಾಂಕ್ಲಿನ್ ಒದಗಿಸಿದ ಕಾಗದದ ಒಂದು ಅಂಚಿನಲ್ಲಿ ಈ ಬಣ್ಣವಿತ್ತು. ಕಳ್ಳನೋಟು ಮಾಡುವವನಿಗೆ ಅದು ತೊಡಕಾಗಲೆಂದು. ಸಾಹಿತ್ಯವನ್ನೋದುವವರು ಲಾರೆನ್ಸ್ ಸ್ಟರ್ನನ ಟ್ರಿಸ್ಟ್ರಮ್ ಶ್ಯಾಂಡಿ ಎಂಬ ಕಾದಂಬರಿಯನ್ನು ಬಲ್ಲರು. 1761 ರಲ್ಲಿ ಹೊರಬಂದ ಅದರ ಮೂರನೆಯ ಸಂಪುಟದಲ್ಲಿ ಒಂದು ಹಾಳೆಯ ಎರಡು ಮಗ್ಗುಲಲ್ಲಿಯೂ ಅಕ್ಷರವಿಲ್ಲ, ಕೈಯಿಂದ ತೆಗೆದ ಮುಗಿಲ ಚಿತ್ರವಿದೆ. ಆ ಮುದ್ರಣದ ಯಾವ ಎರಡು ಪ್ರತಿಗಳಲ್ಲಿಯೂ ಆ ಪುಟ ಒಂದೇ ಆಗಿಲ್ಲ.

ಆದರೆ ಕಸಬು ಲಾಭದಾಯಕವಾದೊಡನೆ ಗುಟ್ಟೂ ಬಿಗಿಯಾಯಿತು. ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಕೆಲಸಗಾರರ ನಡುವೆ ಹಲಗೆಯ ಅಡ್ಡಗೋಡೆಗಳನ್ನು ಕಟ್ಟಿ, ಲೋಳೆ ಮಾಡುವವನಿಗೆ ಬಣ್ಣದ ಹದವೂ ಬಣ್ಣ ಅರೆಯುವವನಿಗೆ ಬಾಚುವ ಕೆಲಸವೂ ಗೊತ್ತಾಗದಂತೆ ಮಾಡುತ್ತಿದ್ದರೆಂದು ಪ್ರತೀತಿ. 1853 ರಲ್ಲಿ ಚಾರ್ಲ್ಸ್ ವುಲ್ನೋ ಎಂಬ ಕಸಬುದಾರನು ಆ ಗೋಡೆಯನ್ನು ಒಡೆದನು. ತಾನು ಬಲ್ಲುದನ್ನೆಲ್ಲ ಪುಸ್ತಕವಾಗಿ ಬರೆದು, ನಿಜವಾದ ಮಾದರಿಗಳನ್ನೇ ಅಂಟಿಸಿ, ಲಂಡನ್ನಿನಲ್ಲಿ ಪ್ರಕಟಿಸಿದನು. ಕಸಬಿನವರಲ್ಲಿ ಇದು ಅಸಮಾಧಾನವನ್ನು ಹುಟ್ಟಿಸಿತು. ಆದರೂ ಅವನು ಹಿಂದೆಗೆಯದೆ 1881 ರಲ್ಲಿ ಅದನ್ನು ಹೆಚ್ಚಿಸಿ ಮತ್ತೆ ಹೊರತಂದನು. 1885 ರಲ್ಲಿ ಬುಡಾಪೆಸ್ಟಿನ ಯೋಸೆಫ್ ಹಾಲ್ಫರ್ ಎಂಬ ರಟ್ಟುಗಾರನು ಐರಿಷ್ ಕಡಲಪಾಚಿಯ ಲೋಳೆಯನ್ನು ಕೆಡದಂತೆ ಕಾಪಾಡುವ ಉಪಾಯವನ್ನೂ ಬಣ್ಣಗಳ ಶಾಸ್ತ್ರವನ್ನೂ ವಿವರಿಸಿ ಗ್ರಂಥವನ್ನು ಬರೆದನು. ಇಷ್ಟರಲ್ಲಿಯೇ ಯಂತ್ರದಿಂದ ರಟ್ಟು ಕಟ್ಟುವ ಕಾಲ ಬಂದು, ಕೈಕೆಲಸದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದುವು. ಗೋಡೆಗಳ ಹಿಂದೆ ಬಚ್ಚಿಟ್ಟುದೆಲ್ಲವೂ ಆ ಗೋಡೆಗಳೊಡನೆಯೇ ಹೋಯಿತು. ವುಲ್ನೋ, ಹಾಲ್ಫರ್ ಮೊದಲಾದವರು ಬರೆದಿಟ್ಟುದು ಉಳಿಯಿತು. 20ನೆಯ ಶತಮಾನದಲ್ಲಿ ಪಶ್ಚಿಮದೇಶಗಳಲ್ಲಿ ಹವ್ಯಾಸಿಗಳು ಮನೆಯ ತಟ್ಟೆಗಳಲ್ಲಿ ಈ ವಿದ್ಯೆಯನ್ನು ಮತ್ತೆ ಎಬ್ಬಿಸಿದುದು ಆ ಬರಹಗಳ ಬಲದಿಂದ.

ಬಿಜಾಪುರಕ್ಕೆ ವುಲ್ನೋವಿನಂಥವನೂ ದೊರೆಯಲಿಲ್ಲ, ಉಸ್ಕುದಾರಿನ ಮಠದಂಥದೂ ದೊರೆಯಲಿಲ್ಲ. ಕಡೆಗೆ ಅದರ ಗುಟ್ಟನ್ನು ಬಿಡಿಸಲು ಹೊರಟವನು ಅಮೆರಿಕದ ಕುಶಲಿ ಕ್ರಿಸ್ಟೊಫರ್ ವೈಮನ್. ದಖ್ಖನಿನ ಚಿತ್ರಗಳನ್ನು ಹತ್ತಿರದಿಂದ ಪರೀಕ್ಷಿಸಿ, ಪಡಿಯಚ್ಚುಗಳನ್ನು ಕತ್ತರಿಸಿ, ಅಂಟನ್ನು ಬಳಿದು, ತಾನೇ ಮಾಡಿ ನೋಡಿ, ಆ ವಿಧಾನಗಳನ್ನು ಕುರಿತು ಅವನು 1983 ರಲ್ಲಿ ಲೇಖನವನ್ನು ಬರೆದನು. 2015 ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ದಖ್ಖನಿನ ಸುಲ್ತಾನರ ಕಾಲದ ಕಲೆಯ ದೊಡ್ಡ ಪ್ರದರ್ಶನ ನಡೆದಾಗ ಈ ಮುಗಿಲ ಚಿತ್ರಗಳಿಗೂ ಅಲ್ಲಿ ಸ್ಥಾನ ದೊರೆಯಿತು. ನಮ್ಮ ನೆರೆಯ ಊರಿನ ಕಲೆಯನ್ನು ನಾವು ಹತ್ತು ಸಾವಿರ ಮೈಲಿಗಳ ಸುತ್ತು ಬಳಸಿ ತಿಳಿಯಬೇಕಾಯಿತು. ಇದನ್ನು ಪರರ ಮೇಲಣ ದೂರಾಗಿ ಹೇಳುತ್ತಿಲ್ಲ. ಅವರು ಹಾಳೆಗಳನ್ನು ಕಾಪಾಡಿದರು, ಆಸಕ್ತಿಯಿಂದ ನೋಡಿದರು, ತಿಳಿದುದನ್ನು ಬರೆದರು. ನಾವು ಮಾಡದೆ ಬಿಟ್ಟ ಕೆಲಸ ಅದು.

ಇಷ್ಟನ್ನು ಓದಿ ತಿಳಿದ ಮೇಲೆ ಸುಮ್ಮನಿರಲಾಗದೆ ನಾವೂ ಮನೆಯಲ್ಲಿ ಕೈಯಿಟ್ಟೆವು. ಒಂದು ಹಿಡಿ ಮೆಂತ್ಯವನ್ನು ರಾತ್ರಿ ನೆನೆಯಿಟ್ಟು, ಬೆಳಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ಬಂದ ಲೋಳೆಯನ್ನು ನೀರಿನೊಡನೆ ಬೆರೆಸಿ ಅಗಲವಾದ ತಟ್ಟೆಗೆ ಹೊಯ್ದೆವು. ಎತ್ತಿನ ಪಿತ್ತ ನಮ್ಮ ಮನೆಯೊಳಕ್ಕೆ ಬರುವಂತಿರಲಿಲ್ಲ. ಅದರ ಬದಲು ಅಂಟುವಾಳಕಾಯಿಯ ನೀರನ್ನು ಬಣ್ಣಕ್ಕೆ ತೊಟ್ಟಿಕ್ಕಿದೆವು. ಮೊದಲ ದಿನ ಬಣ್ಣವೆಲ್ಲ ತಳಕ್ಕೆ ಮುಳುಗಿತು. ಬಣ್ಣ ಗಟ್ಟಿಯಾಗಿತ್ತು. ಎರಡನೆಯ ದಿನ ಹರಡಿತು, ಆದರೆ ತಟ್ಟೆಯ ಅಂಚಿನವರೆಗೂ ಓಡಿ ಬಿಳಿಚಿಕೊಂಡಿತು, ಅಂಟುವಾಳ ಹೆಚ್ಚಾಗಿತ್ತು. ಮೂರನೆಯ ದಿನ ಎಲ್ಲವೂ ಹದವಾಗಿ, ಕಡ್ಡಿಯೆಳೆದಲ್ಲಿ ಗರಿಗಳು ಮೂಡಿ, ಮನೆಯವರೆಲ್ಲ ಸುತ್ತ ನೆರೆದರು. ಕಾಗದವನ್ನು ಮಲಗಿಸಿ ಎತ್ತಿ ತೊಳೆದೆವು. ಚಿತ್ರವೆಲ್ಲ ಜಾರಿ ಬಚ್ಚಲಿಗೆ ಹೋಯಿತು. ಪಟಿಕವನ್ನು ಸವರುವುದನ್ನೇ ಮರೆತಿದ್ದೆವು! ನೀರಿನ ಮೇಲಣ ಬರಹ ನಿಲ್ಲುವುದಿಲ್ಲವೆಂಬ ಗಾದೆಯನ್ನು ಮನೆಯವರು ಆಗ ನೆನೆದರು.

ಮಾಡಿ ನೋಡಬಯಸುವವರಿಗಾಗಿ ನಮ್ಮ ತಪ್ಪುಗಳಿಂದ ಕಲಿತುದನ್ನು ಹೇಳುತ್ತೇವೆ. ಒಂದು ಲೀಟರ್ ಬಿಸಿನೀರಿಗೆ ಸುಮಾರು 30 ಗ್ರಾಮ್ ಪಟಿಕವನ್ನು ಕರಗಿಸಿ, ಆರಿಸಿ, ಕಾಗದದ ಒಂದು ಮಗ್ಗುಲಿಗೆ ಸವರಬೇಕು. ಒಣಗುವ ಮುನ್ನ ಆ ಮಗ್ಗುಲಿಗೆ ಗುರುತು ಹಾಕಿಕೊಳ್ಳಬೇಕು. ನುಣುಪಾದ ಮಿರುಗು ಕಾಗದ ಬೇಡ. ಬಟ್ಟೆಯಾದರೆ ಮೊದಲು ಗಂಜಿ ಹೋಗುವಂತೆ ಒಗೆದು, ಪಟಿಕದ ನೀರಿನಲ್ಲಿ ಅದ್ದಿ, ನೆರಿಗೆಯಿಲ್ಲದಂತೆ ಒಣಗಿಸಬೇಕು. ರೇಷ್ಮೆಯ ಮೇಲೆ ಬಣ್ಣ ಬಹಳ ಚೆನ್ನಾಗಿ ಕೂಡುತ್ತದೆ. ಪಟಿಕ ಹಿಡಿಸಿದ ಬಟ್ಟೆಯನ್ನು ಬಹಳ ದಿನ ಇಟ್ಟರೆ ನೂಲು ಸವೆಯುವುದರಿಂದ ಬೇಗ ಬಳಸಿ, ಬಣ್ಣ ಆರಿದ ಮೇಲೆ ತೊಳೆಯಬೇಕು. ಮೆಂತ್ಯದ ಲೋಳೆ ಬೇಗ ಹುಳಿಯುತ್ತದೆ. ಕಡಲಪಾಚಿಯ ಪುಡಿ ದೊರೆತರೆ ಲೀಟರಿಗೆ 7 ಅಥವಾ 8 ಗ್ರಾಮ್ ಕಲಸಿ ಒಂದು ರಾತ್ರಿ ಇಟ್ಟು ಬಳಸಬಹುದು. ಈಗ ಅಂಗಡಿಗಳಲ್ಲಿ ಸಿಕ್ಕುವ ಅಕ್ರಿಲಿಕ್ ಬಣ್ಣಗಳು ನೀರಿನೊಡನೆ ಹಾಲಿನಷ್ಟು ತೆಳುವಾದರೆ ತೇಲುತ್ತವೆ. ಹಾಳೆಯನ್ನು ಮೂಲೆಯಿಂದ ಮೂಲೆಗೆ ಒಂದೇ ಉಸಿರಿನಲ್ಲಿ ಇಳಿಸಬೇಕು. ನಡುವೆ ಗಾಳಿ ಸಿಕ್ಕಿಕೊಂಡರೆ ಅಲ್ಲಿ ಬಿಳಿಯ ಕಣ್ಣು ಉಳಿಯುತ್ತದೆ. ಪುದುಚೇರಿಯ ಅರವಿಂದಾಶ್ರಮದ ಕೈಕಾಗದದ ಕಾರ್ಖಾನೆಯವರು ಮುಗಿಲ ಕಾಗದವನ್ನು ತಯಾರಿಸುವುದರಿಂದ ದಕ್ಷಿಣದೇಶಕ್ಕೆ ಈ ಕಲೆ ಇಂದು ತೀರ ಅಪರಿಚಿತವಲ್ಲ.

ಬಿಜಾಪುರದ ಹೆಸರಿಲ್ಲದ ಕುಶಲಿಯ ಮಟ್ಟವನ್ನು ನಾವು ಮುಟ್ಟಲಾರೆವು. ಆದರೆ ಮೂರು ದಿನ ಸೋತ ಮೇಲೆ ಆತನ ಕೈ ಎಷ್ಟು ಪಳಗಿದ್ದಿರಬೇಕೆಂಬುದು ನಮಗೆ ಪುಸ್ತಕದಿಂದ ತಿಳಿಯದಷ್ಟು ತಿಳಿಯಿತು. ಚರಿತ್ರೆಯೆಂದರೆ ಗೆದ್ದವರ ಮತ್ತು ಕಟ್ಟಿಸಿದವರ ಹೆಸರುಗಳೇ ಎಂದು ನಾವು ಬಹುಕಾಲ ಪಾಠ ಹೇಳಿದೆವು. ಹದವನ್ನು ಬಲ್ಲ ಕೈಗಳೂ ಚರಿತ್ರೆಯೇ. ಅವು ಬೇರೆ ಕೈಗಳಿಗೆ ಕೊಡದೆ ಹೋದರೆ ಆ ಚರಿತ್ರೆಗೆ ಗುಮ್ಮಟವೂ ಇಲ್ಲ, ಶಾಸನವೂ ಇಲ್ಲ. ನಮ್ಮ ಊರುಗಳಲ್ಲಿ ಇಂದು ಒಬ್ಬನೇ ಮುದುಕನ ಬಳಿ ಉಳಿದಿರುವ ಬಣ್ಣದ ಹದ, ಎರಕದ ಹದ, ಮಗ್ಗದ ಹದ ಎಷ್ಟಿರಬಹುದೆಂದು ಕೇಳುಗರೇ ಎಣಿಸಿಕೊಳ್ಳಲಿ. ಆತನ ಬಳಿ ಹೋಗಿ ಕುಳಿತು ಕೇಳಿ ಬರೆದುಕೊಳ್ಳುವುದಕ್ಕೆ ಸಂಸ್ಥೆಯೂ ಬೇಡ, ಹಣವೂ ಬೇಡ. ಒಂದು ನೋಟುಪುಸ್ತಕ ಸಾಕು.

ಆ ವಿದ್ಯಾರ್ಥಿ ಈಗ ತನ್ನ ಜಿಲ್ಲೆಯಲ್ಲಿಯೇ ಶಾಲೆಯ ಉಪಾಧ್ಯಾಯನಾಗಿದ್ದಾನೆ. ಹದವಾಗಿ ಬಂದ ಮೊದಲ ಹಾಳೆಯನ್ನು ನಾವು ಅವನಿಗೆ ಅಂಚೆಯಲ್ಲಿ ಕಳುಹಿಸಿದೆವು. ಅಂದು ನಾವು ಹೇಳಿದ ಉತ್ತರ ತಪ್ಪೆಂದೂ, ಸರಿಯಾದ ಉತ್ತರ ಅವನ ಊರಿನಲ್ಲಿಯೇ ಇತ್ತೆಂದೂ ಜೊತೆಯ ಕಾಗದದಲ್ಲಿ ಬರೆದೆವು. ಮೆಂತ್ಯವನ್ನು ಎಷ್ಟು ಹೊತ್ತು ಕುದಿಸಬೇಕೆಂದು ಕೇಳಿ ಅವನು ಮಾರೋಲೆ ಬರೆದಿದ್ದಾನೆ. ಶಾಲೆಯ ಮಕ್ಕಳಿಗೆ ಮಾಡಿ ತೋರಿಸಬೇಕಂತೆ.